ಉತಾರ ಅಳಿಸಿಹೋಗದಂತೆ

ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲೂಕಿನ ಕಟಕೋಳದ ರೈತನಿಗೆ ಹೊಲದಷ್ಟೇ ಅಮೂಲ್ಯವಾದುದು ಹೊಲದ ಉತಾರ. ಬೆಳೆಸಾಲಕ್ಕೂ ಅದು ಬೇಕು, ಅಣ್ಣತಮ್ಮಂದಿರ ವಾಟಣಿಗೂ ಅದೇ ಆಧಾರ. ಹಿಂದೆ ತಲಾಠಿಯ ದಫ್ತರದಲ್ಲಿ ಕೈಬರಹದಲ್ಲಿದ್ದ ಈ ದಾಖಲೆ, ‘ಭೂಮಿ’ ಯೋಜನೆಯ ಮೂಲಕ 2000ದ ಸುಮಾರಿಗೆ ಕಂಪ್ಯೂಟರನ್ನು ಸೇರಿತು. ಹೀಗೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಯಂತ್ರದ ವಶವಾದವು.

ಕಾಗದಕ್ಕೆ ಗೆದ್ದಲಿನ ಭಯ, ನೀರಿನ ಭಯ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದೊಳಗೆ ನುಗ್ಗಿದುದನ್ನು ಆ ಸೀಮೆಯವರು ಬಲ್ಲರು. ಕಂಪ್ಯೂಟರಿನ ಡಿಸ್ಕಿಗೆ ಗೆದ್ದಲು ಹತ್ತದು. ಆದರೆ ಅದು ಕೆಟ್ಟರೆ ಸಾವಿರಾರು ಪುಟಗಳು ಒಂದೇ ಕ್ಷಣದಲ್ಲಿ ಇಲ್ಲವಾಗುತ್ತವೆ. ಆದುದರಿಂದಲೇ ಬ್ಯಾಕಪ್, ಎಂದರೆ ಬೇರೆಡೆ ಕಾಪಾಡಿಡುವ ಪ್ರತಿ, ಅಗತ್ಯ. ಆದರೆ ಯಂತ್ರದೊಳಗಿನ ಹಲವಾರು ಫೈಲುಗಳಲ್ಲಿ ಯಾವುದನ್ನು ಪ್ರತಿಮಾಡಬೇಕು?

ಕಿರಾಣಿ ಅಂಗಡಿಯ ಲೆಕ್ಕ ಬಲ್ಲವರಿಗೆ ಉತ್ತರ ಕಠಿಣವಲ್ಲ. ಅಲ್ಲಿ ಪ್ರತಿಯೊಬ್ಬರ ಬಾಕಿಯನ್ನು ತೋರುವ ಖಾತೆವಹಿ ಒಂದು; ದಿನದಿನದ ವ್ಯವಹಾರ ಬರೆಯುವ ಕೀರ್ದಿ ಇನ್ನೊಂದು. ಡೇಟಾಬೇಸಿನಲ್ಲಿ ದತ್ತಾಂಶದ ಫೈಲೇ ಖಾತೆವಹಿ; ‘ಲಾಗ್’ ಎಂಬುದೇ ಕೀರ್ದಿ. ರವಿವಾರ ಖಾತೆವಹಿಯ ಪ್ರತಿ ತೆಗೆದರು. ಬುಧವಾರ ಕಟಕೋಳದ ಒಬ್ಬ ವಿಧವೆಯ ಹೆಸರು ವಾರಸಾ ಮೂಲಕ ಉತಾರದಲ್ಲಿ ಸೇರಿತು. ಗುರುವಾರ ಡಿಸ್ಕು ಕೆಟ್ಟಿತೆನ್ನಿ. ರವಿವಾರದ ಪ್ರತಿಯೊಂದನ್ನೇ ನಂಬಿದರೆ ಹೊಲ ಮರಳಿ ತೀರಿಹೋದ ಗಂಡನ ಹೆಸರಿಗೇ ನಿಲ್ಲುತ್ತದೆ. ಆ ಬಳಿಕದ ಲಾಗಿನ ಪ್ರತಿಗಳು ನಡುವೆ ಒಂದೂ ತಪ್ಪದೆ ಇದ್ದರೆ ಬುಧವಾರದ ನೋಂದಣಿಯೂ ಹಿಂದಿರುಗುತ್ತದೆ.

ಇನ್ನೊಂದು ಮರೆವೂ ಸಾಮಾನ್ಯ. ಸಹಿಯಾದ ಕಾಗದಪತ್ರಗಳ ಸ್ಕ್ಯಾನ್ ಚಿತ್ರಗಳು ಅನೇಕ ವೇಳೆ ಡೇಟಾಬೇಸಿನ ಹೊರಗೆ ಇರುತ್ತವೆ. ಅವನ್ನೂ, ಯಾರು ಯಾವ ದಾಖಲೆ ತಿದ್ದಬಹುದೆಂಬ ಅಧಿಕಾರದ ಪಟ್ಟಿಯನ್ನೂ ಸೇರಿಸಲೇಬೇಕು. ಪ್ರತಿಯನ್ನು ಗುಪ್ತಲಿಪಿಯಲ್ಲಿಟ್ಟಿದ್ದರೆ ಅದರ ಕೀಲಿಯನ್ನು ಬೇರೆಯಾಗಿ ಕಾಯಬೇಕು; ಕೀಲಿ ಕಳೆದರೆ ಪೆಟ್ಟಿಗೆ ಇದ್ದೂ ಇಲ್ಲದಂತೆ. ತಾತ್ಕಾಲಿಕ ಫೈಲುಗಳನ್ನು ಬಿಟ್ಟರೆ ನಷ್ಟವಿಲ್ಲ. ಹುಡುಕುವ ಸೂಚಿಯನ್ನು ಮತ್ತೆ ಕಟ್ಟಬಹುದು. ಮತ್ತೆ ಹುಟ್ಟಿಸಲಾಗದುದು ಮೊದಲು ಉಳಿಯಬೇಕೆಂಬುದೇ ಇಲ್ಲಿಯ ಸೂತ್ರ.

ಕೆಲಸ ನಡೆದಿರುವಾಗ ಫೈಲನ್ನು ಸುಮ್ಮನೆ ನಕಲು ಮಾಡಿದರೆ ಅರ್ಧ ಹಳೆಯದು, ಅರ್ಧ ಹೊಸದು ಬೆರೆತೀತು. ಡೇಟಾಬೇಸಿನದೇ ಆದ ಬ್ಯಾಕಪ್ ವಿಧಾನವನ್ನು ಬಳಸುವುದು ಕ್ಷೇಮ. ಪ್ರತಿಯನ್ನು ದೂರದ ಊರಿನಲ್ಲಿಟ್ಟು, ಆಗಾಗ ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ಆ ವಿಧವೆಯ ಹೆಸರು ಅಲ್ಲಿ ಕಂಡಾಗಲೇ ಕಾಪಾಡಿದ್ದು ಸಾರ್ಥಕ.