ತುಪ್ಪ ಮುಟ್ಟದವರ ರಕ್ತದಲ್ಲೂ ಕೊಬ್ಬು

"ತುಪ್ಪ ಮುಟ್ಟಲ್ಲ, ಎಣ್ಣೆ ಒಗ್ಗರಣೆಗಷ್ಟೆ. ರಕ್ತದಲ್ಲಿ ಕೊಬ್ಬು ಎಲ್ಲಿಂದ ಬಂತು?" ರಕ್ತದ ಕೊಬ್ಬಾದ ಟ್ರೈಗ್ಲಿಸರೈಡು 250 ಎಂದಿರುವ ರಿಪೋರ್ಟು ಹಿಡಿದು ಕಿಕ್ಕೇರಿ ಸೀಮೆಯ ರೈತರೊಬ್ಬರು ಹೀಗೆ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಮುದ್ದೆ, ಬಸ್ಸಾರು, ಮೇಲೊಂದಿಷ್ಟು ಅನ್ನ, ಮಜ್ಜಿಗೆ. ಈ ಊಟದಲ್ಲಿ ಕೊಬ್ಬು ನಿಜಕ್ಕೂ ಕಡಿಮೆ. ನೂರು ಗ್ರಾಂ ರಾಗಿಯಲ್ಲಿ ಅದು ಎರಡು ಗ್ರಾಂ ಮೀರದು. ಕಾರ್ಬೋಹೈಡ್ರೇಟು ಮಾತ್ರ 65 ಗ್ರಾಂ ದಾಟುತ್ತದೆ.

ಮೊದಲು ತುಪ್ಪದ ಲೆಕ್ಕ ನೋಡೋಣ. ಟ್ರೈಗ್ಲಿಸರೈಡು 150 (ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) ಇರುವವರ ಸುಮಾರು ಮೂರು ಲೀಟರ್ ಪ್ಲಾಸ್ಮಾದಲ್ಲಿರುವ ಆ ಕೊಬ್ಬನ್ನೆಲ್ಲ ಕೂಡಿಸಿದರೂ ನಾಲ್ಕೂವರೆ ಗ್ರಾಂ, ಅಂದರೆ ಒಂದು ಟೀ ಚಮಚವೂ ತುಂಬದು. ಬಾಡೂಟದಲ್ಲಿ ಇದರ ಹತ್ತು ಪಟ್ಟು ಕೊಬ್ಬು ಒಳಗೆ ಹೋದರೂ ರಕ್ತ ಹಾಲಾಗಿ ಉಳಿಯುವುದಿಲ್ಲ. ಕರುಳು ಆ ಕೊಬ್ಬನ್ನು ಕೈಲೋಮೈಕ್ರಾನ್ ಎಂಬ ಕಣಗಳಲ್ಲಿ ತುಂಬಿ ದುಗ್ಧನಾಳಗಳ ಮೂಲಕ ರಕ್ತಕ್ಕೆ ಬಿಡುತ್ತದೆ. ಸ್ನಾಯು ಮತ್ತು ಕೊಬ್ಬಿನ ಅಂಗಾಂಶಗಳ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡಿರುವ ಲೈಪೋಪ್ರೋಟೀನ್ ಲೈಪೇಸ್ ಎಂಬ ಕಿಣ್ವ ಅದನ್ನು ಒಡೆದು ಒಳಗೆಳೆಯುತ್ತದೆ. ಉಂಡ ಮೂರು-ನಾಲ್ಕು ಗಂಟೆಗೆ ಏರಿದ ಮಟ್ಟ ಸಾಮಾನ್ಯವಾಗಿ ಬೆಳಗಾಗುವಷ್ಟರಲ್ಲಿ ಇಳಿದಿರುತ್ತದೆ.

ಹಾಗಾದರೆ ಖಾಲಿ ಹೊಟ್ಟೆಯ ರಕ್ತದಲ್ಲಿ ಕಾಣುವುದು ಬಹುಪಾಲು ಯಕೃತ್ತು ತಯಾರಿಸಿ ವಿಎಲ್‌ಡಿಎಲ್ ಎಂಬ ಕಣಗಳಲ್ಲಿ ತುಂಬಿ ಕಳಿಸಿದ ಕೊಬ್ಬು. ಅದಕ್ಕೆ ಬೇಕಾದ ಕಚ್ಚಾಮಾಲಿನಲ್ಲಿ ಮುದ್ದೆ-ಅನ್ನದ ಗ್ಲೂಕೋಸೂ ಸೇರಿದೆ. ಬೆಲ್ಲ-ಸಕ್ಕರೆ ಇನ್ನೂ ಒಂದು ಹೆಜ್ಜೆ ಮುಂದೆ: ಸುಕ್ರೋಸಿನ ಅರ್ಧ ಭಾಗವಾದ ಫ್ರಕ್ಟೋಸು ಹೆಚ್ಚಾಗಿ ಯಕೃತ್ತಿಗೇ ಹೋಗಿ ಸಲೀಸಾಗಿ ಕೊಬ್ಬಾಗಬಲ್ಲದು. ಕಬ್ಬಿನ ನಾಡಿನವರು ನೆನಪಿಡಬೇಕಾದ ಸಂಗತಿ ಇದು. ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಪ್ರಕಾರ ಭಾರತೀಯರ ದಿನದ ಶಕ್ತಿಯಲ್ಲಿ ಸುಮಾರು ಶೇ 62 ಬರುವುದು ಕಾರ್ಬೋಹೈಡ್ರೇಟಿನಿಂದಲೇ.

ಆದರೂ ಮುದ್ದೆಯನ್ನು ಅಪರಾಧಿ ಮಾಡಲು ನನಗೆ ಮನಸ್ಸಿಲ್ಲ. 2007ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜೆರಾಲ್ಡ್ ಶುಲ್ಮನ್ ಅವರ ತಂಡ ಬೊಜ್ಜಿಲ್ಲದ ಯುವಜನರಿಗೆ ಕಾರ್ಬೋಹೈಡ್ರೇಟು ತುಂಬಿದ ಎರಡು ಊಟ ಕೊಟ್ಟು ನೋಡಿತು. ಸ್ನಾಯುಗಳು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದವರಲ್ಲಿ ಗ್ಲೂಕೋಸು ಯಕೃತ್ತಿನ ಕಡೆ ತಿರುಗಿತು. ಅಲ್ಲಿ ಹೊಸ ಕೊಬ್ಬಿನ ತಯಾರಿಕೆ ಉಳಿದವರಿಗಿಂತ ಎರಡು ಪಟ್ಟಿಗೂ ಮಿಕ್ಕಿತ್ತು. ಅಂಥವರಿಂದಲೇ ಊಟಕ್ಕೆ ಮುಂಚೆ 45 ನಿಮಿಷ ವ್ಯಾಯಾಮ ಮಾಡಿಸಿದಾಗ ಈ ತಯಾರಿಕೆ ಸುಮಾರು ಶೇ 30ರಷ್ಟು ಇಳಿಯಿತೆಂದು ಅದೇ ತಂಡ 2011ರಲ್ಲಿ ವರದಿ ಮಾಡಿತು. ದಣಿದ ಸ್ನಾಯು ಗ್ಲೂಕೋಸನ್ನು ತಾನೇ ಕೂಡಿಟ್ಟುಕೊಳ್ಳುತ್ತದೆ. ಏರು ಕಟ್ಟಿ ಉತ್ತು, ಬಗ್ಗಿ ನಾಟಿ ಮಾಡಿ ಬಂದವರ ಮುದ್ದೆ ಅಲ್ಲಿಗೇ ಸೇರುತ್ತಿತ್ತು. ಟ್ರ್ಯಾಕ್ಟರು, ಬೈಕು ಬಂದ ಮೇಲೂ ಮುದ್ದೆಯ ಗಾತ್ರ ಅಷ್ಟೇ ಇದ್ದರೆ ಮಿಕ್ಕಿದ್ದು ಯಕೃತ್ತಿನ ಪಾಲು. ಮುದ್ದೆ ಸ್ವಲ್ಪ ಸಣ್ಣದಾಗಲಿ, ಬಸ್ಸಾರಿನ ಸೊಪ್ಪು-ಕಾಳಿನ ಪಲ್ಯ ಹೆಚ್ಚಲಿ.

ಇಷ್ಟಕ್ಕೇ ತುಪ್ಪಕ್ಕೆ ರಹದಾರಿ ಸಿಕ್ಕಂತಲ್ಲ. ತುಪ್ಪ, ಪಾಮ್ ಎಣ್ಣೆ, ಕೊಬ್ಬಿದ ಮಾಂಸದಲ್ಲಿರುವ ಸ್ಯಾಚುರೇಟೆಡ್ ಕೊಬ್ಬು, ಕೊಲೆಸ್ಟ್ರಾಲ್ ಹೊರುವ ಎಲ್‌ಡಿಎಲ್ ಕಣಗಳನ್ನು ರಕ್ತದಿಂದ ಎಳೆದುಕೊಳ್ಳುವ ಯಕೃತ್ತಿನ ಗ್ರಾಹಕಗಳನ್ನು ತಗ್ಗಿಸುತ್ತದೆ. ಇದು ಒಂದು ಬಾಡೂಟದ ಪರಿಣಾಮವಲ್ಲ, ವಾರಗಟ್ಟಲೆ ತಿಂದದ್ದರ ಫಲ. ಹಾಗಾಗಿ ಪರೀಕ್ಷೆಯ ಹಿಂದಿನ ದಿನವಷ್ಟೇ ಪಥ್ಯ ಹಿಡಿದರೆ ಟ್ರೈಗ್ಲಿಸರೈಡು ಇಳಿದಂತೆ ಕಾಣಬಹುದು, ಎಲ್‌ಡಿಎಲ್ ಹೆಚ್ಚೇನೂ ಕದಲದು.