ಜೋಳದಲ್ಲೇ ತೀರುವ ಸಾಲ

ತೆಲಂಗಾಣದ ಜಹೀರಾಬಾದ್ ಸೀಮೆ ಬೀದರಿಗೆ ಅಂಟಿಕೊಂಡಿದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಅದು ಬೀದರ್ ಜಿಲ್ಲೆಯ ತಾಲ್ಲೂಕೇ ಆಗಿತ್ತು. ಮಳೆ ನಂಬಿದ ಬೇಸಾಯ, ಜೋಳದ ರೊಟ್ಟಿ, ತೊಗರಿ ಬೇಳೆ ಇಂದಿಗೂ ಗಡಿಯ ಎರಡೂ ಬದಿಗೆ ಒಂದೇ. ಇಲ್ಲಿನ ಹಳ್ಳಿಗಳಲ್ಲಿ ಬಡ ಮಹಿಳೆಯರು, ಅವರಲ್ಲೂ ಬಹುಪಾಲು ದಲಿತರು, ಕಟ್ಟಿಕೊಂಡಿರುವ ‘ಸಂಘಂ’ಗಳು ಹಣಕ್ಕಿಂತ ಹೆಚ್ಚಾಗಿ ಕಾಳು ಮತ್ತು ಬೀಜದ ಸುತ್ತ ಬೆಳೆದವು.

ಸ್ವಸಹಾಯ ಸಂಘವೆಂದರೆ ಸಾಮಾನ್ಯವಾಗಿ ವಾರದ ಉಳಿತಾಯ, ಒಳಸಾಲ, ಬ್ಯಾಂಕ್ ಸಾಲ. ಕರ್ನಾಟಕದಲ್ಲಿ ಮೈರಾಡ ಸಂಸ್ಥೆ 1980ರ ದಶಕದಲ್ಲಿ ರೂಢಿಗೆ ತಂದ ಇಂಥ ಗುಂಪುಗಳನ್ನು ನಬಾರ್ಡ್ 1992ರಿಂದ ಬ್ಯಾಂಕುಗಳಿಗೆ ಜೋಡಿಸತೊಡಗಿತು. ಎಮ್ಮೆ ಕಟ್ಟಿದವಳಿಗೆ, ಕಿರಾಣಿ ಅಂಗಡಿ ಇಟ್ಟವಳಿಗೆ ಈ ಲೆಕ್ಕ ಹೊಂದುತ್ತದೆ. ಒಂದೆರಡು ಎಕರೆ ಮಸಾರಿ ನೆಲ ನಂಬಿದವಳಿಗೆ ಅಷ್ಟಾಗಿ ಹೊಂದದು. ಕಂತು ತಿಂಗಳು ತಿಂಗಳು ಬರುತ್ತದೆ, ಬೆಳೆ ವರ್ಷಕ್ಕೊಮ್ಮೆ ಬಂದರೆ ಬಂತು. ನಡುವಿನ ಕಂತುಗಳನ್ನು ಆಕೆ ಕೂಲಿಯ ದುಡ್ಡಿನಲ್ಲೇ ಕಟ್ಟಬೇಕು.

ಈ ಸಂಘಂಗಳ ಬೆನ್ನಿಗೆ ನಿಂತ, ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ ನೆಲೆಯಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1983ರಲ್ಲಿ ಹುಟ್ಟಿತು. ಕಟ್ಟಿದವರಲ್ಲಿ ಪ್ರಮುಖರು ಮೈಸೂರಿನ ಪಿ.ವಿ. ಸತೀಶ್, ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದ ಅವರು 2023ರಲ್ಲಿ ತೀರಿಕೊಳ್ಳುವವರೆಗೂ ಈ ಹಳ್ಳಿಗಳ ನಂಟು ಬಿಡಲಿಲ್ಲ. ಅದೇ 1983ರಲ್ಲಿ, ಈ ಸೀಮೆ ಆಗ ಸೇರಿದ್ದ ಆಂಧ್ರಪ್ರದೇಶದಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಕಿಲೋಗೆ 2 ರೂಪಾಯಿಯ ಅಕ್ಕಿ ಕೊಡತೊಡಗಿತು. ಹಸಿದ ಮನೆಗೆ ಅದು ಊಟವೇ, ಆ ಯೋಜನೆಯನ್ನು ಹಳಿಯುವುದು ಸುಲಭವಲ್ಲ. ಆದರೆ ಪಡಿತರದ ಅಂಗಡಿಯಲ್ಲಿ ಜೋಳಕ್ಕೆ ಜಾಗವಿರಲಿಲ್ಲ. ಖರ್ಚು ಮಾಡಿ ಜೋಳ ಬೆಳೆಯುವುದಕ್ಕಿಂತ ಕೂಲಿಗೆ ಹೋಗಿ ಅಕ್ಕಿ ತರುವುದು ಅಗ್ಗವೆನಿಸಿತು. ಭೂರಹಿತರಿಗೆ ಸರ್ಕಾರ ಹಂಚಿದ್ದ, ಮೊದಲೇ ಸತ್ವ ಕಡಿಮೆಯಿದ್ದ ತುಂಡು ಹೊಲಗಳು ಹೆಚ್ಚು ಹೆಚ್ಚಾಗಿ ಬೀಳುಬಿದ್ದವು. ಹೊಲ ಬೀಳುಬಿದ್ದ ಮೇಲೆ ದನಕ್ಕೆ ಸೊಪ್ಪೆಯಿಲ್ಲ, ದನ ಕಡಿಮೆಯಾದರೆ ಗೊಬ್ಬರವಿಲ್ಲ.

1990ರ ದಶಕದ ನಡುವಿನಲ್ಲಿ ಸಂಘಂಗಳು ಇದಕ್ಕೆ ಹುಡುಕಿಕೊಂಡ ದಾರಿಯೇ ಸಮುದಾಯ ಧಾನ್ಯನಿಧಿ. ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯದ ನೆರವಿನಿಂದ, ಮೊದಲ ಹಂತದಲ್ಲಿ ಸುಮಾರು 30 ಹಳ್ಳಿಗಳ ಎರಡೂವರೆ ಸಾವಿರ ಎಕರೆಗೂ ಹೆಚ್ಚು ಬೀಳುನೆಲವನ್ನು ಮತ್ತೆ ಉತ್ತರು. ಉಳುಮೆ, ಗೊಬ್ಬರ, ಬಿತ್ತನೆ, ಕಳೆಗೆಂದು ಎಕರೆ ಲೆಕ್ಕದಲ್ಲಿ ಸಾಲ ಕೊಟ್ಟದ್ದು ಸಂಘ. ಯಾರ ಹೊಲಕ್ಕೆ ಯಾವಾಗ ಗೊಬ್ಬರ ಬಿತ್ತೆಂದು ನೋಡಿಕೊಂಡದ್ದು ಊರಿನ ಮಹಿಳೆಯರ ಸಮಿತಿ. ಸಾಲವನ್ನು ಹಲವು ವರ್ಷಗಳಲ್ಲಿ ಜೋಳದ ರೂಪದಲ್ಲೇ ತೀರಿಸಬೇಕಿತ್ತು. ಸುಗ್ಗಿಯಲ್ಲಿ ಬೆಲೆ ಕುಸಿದಾಗ ಕಾಳು ಮಾರಿ ಸಾಲ ಕಟ್ಟುವ ಕಷ್ಟ ಇದರಿಂದ ತಪ್ಪಿತು. ಹಾಗೆ ಬಂದ ಜೋಳ ಊರಲ್ಲೇ ಉಳಿಯುತ್ತಿತ್ತು. ಮಳೆಗಾಲದಲ್ಲಿ ಮನೆಯ ಕಣಜ ಬರಿದಾಗುವ ಹೊತ್ತಿಗೆ ಅದನ್ನು ಬಡವರಿಗೆ ಪೇಟೆಗಿಂತ ಕಡಿಮೆ ಬೆಲೆಗೆ ಮಾರುತ್ತಿದ್ದರು, ಬಂದ ಹಣ ಮುಂದಿನ ವರ್ಷದ ಸಾಲಕ್ಕೆ. ಯಾರು ಬಡವರು, ಯಾರು ಕಡು ಬಡವರು ಎಂಬುದನ್ನು ಊರವರೇ ಒಟ್ಟಿಗೆ ಕೂತು ಮನೆ ಮನೆಯ ಪಟ್ಟಿ ಮಾಡಿ ತೀರ್ಮಾನಿಸಿದರು; ಹೆಚ್ಚು ಬಡವರಿಗೆ ಹೆಚ್ಚು ಜೋಳ. ಕಚೇರಿಯಲ್ಲಿ ಸಿದ್ಧವಾಗುವ ಬಿಪಿಎಲ್ ಪಟ್ಟಿಯ ತಕರಾರು ಬಲ್ಲವರಿಗೆ ಈ ಏರ್ಪಾಡಿನ ಬೆಲೆ ತಿಳಿದೀತು.

ಬೀಜದ ವ್ಯವಹಾರವೂ ಹೀಗೆಯೇ. ಊರಿನ ಬೀಜ ಬ್ಯಾಂಕಿನಿಂದ ಒಯ್ದವಳು ಸುಗ್ಗಿಯ ನಂತರ ಒಯ್ದದ್ದಕ್ಕಿಂತ ಹೆಚ್ಚು ಅಳೆದು ಕೊಡುತ್ತಾಳೆ, ರೂಢಿಯಲ್ಲಿ ಸೇರಿಗೆ ಎರಡು ಸೇರು. ಜೋಳ, ಸಜ್ಜೆ, ನವಣೆ, ಸಾಮೆ, ತೊಗರಿ, ಹೆಸರು, ಎಳ್ಳು, ಪುಂಡಿ ಒಂದೇ ಹೊಲದಲ್ಲಿ ಅಕ್ಕಡಿ ಸಾಲುಗಳಾಗಿ ಬೀಳುತ್ತವೆ. ಮಳೆ ಬೇಗ ಕೈಕೊಟ್ಟರೂ ನವಣೆ, ಹೆಸರಿನಂಥ ಅಲ್ಪಾವಧಿಯ ಬೆಳೆ ಕೈಗೆ ಬರುತ್ತದೆ. ಹಿಂಗಾರಿನ ತನಕ ತಾಳುವ ತೊಗರಿ ಆಮೇಲೆ. ಹೀಗಾಗಿ ಇಡೀ ಹೊಲ ಒಮ್ಮೆಗೇ ಕೈಬಿಡುವುದು ಅಪರೂಪ. ಕಳೆಯೆಂದು ಕಿತ್ತೆಸೆಯುವ ಹಲವು ಸೊಪ್ಪುಗಳೂ ಇಲ್ಲಿ ಸಾರಿಗೆ ಒದಗುತ್ತವೆ. ಕಳೆನಾಶಕ ಹೊಡೆದ ಹೊಲದಲ್ಲಿ ಅವು ಸಿಗವು. ಯಾವ ಬೀಜ ಯಾವ ನೆಲಕ್ಕೆ, ನುಸಿ ಹಿಡಿಯದಂತೆ ಬೂದಿ, ಬೇವಿನೆಲೆ ಬೆರೆಸಿಡುವುದು ಹೇಗೆ ಎಂಬುದೆಲ್ಲ ಮಹಿಳೆಯರ ತಿಳಿವಳಿಕೆ. ಸಂಕ್ರಾಂತಿಗೆ ಹೊರಡುವ ಜಾತ್ರೆಯಲ್ಲಿ ಸಿಂಗರಿಸಿದ ಎತ್ತಿನ ಗಾಡಿಗಳು ಈ ಬೀಜಗಳನ್ನು ಹೊತ್ತು ಊರಿಂದೂರಿಗೆ ಸಾಗುತ್ತವೆ.

ನೆಲವಿಲ್ಲದವರು ಗುಂಪಾಗಿ ಹೊಲ ಗುತ್ತಿಗೆ ಹಿಡಿದರು. ರಾಸಾಯನಿಕವಿಲ್ಲದ ಬೆಳೆಯೆಂದು ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ದೃಢೀಕರಿಸುವ ಪದ್ಧತಿ ಬಂತು. 2008ರಲ್ಲಿ ಮಹಿಳೆಯರೇ ನಡೆಸುವ ಸಂಘಂ ರೇಡಿಯೊ ಶುರುವಾಯಿತು, 2019ರಲ್ಲಿ ಸೊಸೈಟಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು.

ಪ್ರಶಸ್ತಿಯಿಂದ ಕಷ್ಟ ಮುಗಿಯಲಿಲ್ಲ. ಸಿರಿಧಾನ್ಯ ನಗರದಲ್ಲಿ ಫ್ಯಾಷನ್ ಆದರೂ, ಅದನ್ನು ಕುಟ್ಟಿ ಹಸನು ಮಾಡುವ ದುಡಿಮೆ ಹಳ್ಳಿಯ ಹೆಂಗಸಿನದೇ. ಪೇಟೆಯ ಬೆಲೆಯಲ್ಲಿ ಆಕೆಗೆ ಸಿಗುವ ಪಾಲು ಸಣ್ಣದು. ನೀರಾವರಿ ಸಿಕ್ಕ ಹೊಲಗಳು ಕಬ್ಬಿಗೆ, ಉಳಿದ ಎರೆ ನೆಲ ಹತ್ತಿಗೆ ಹೊರಳುತ್ತಿವೆ. ಮಕ್ಕಳು ಓದಿ ಹೈದರಾಬಾದಿನ ಬಸ್ಸು ಹತ್ತುತ್ತಾರೆ. ಅದು ತಪ್ಪೆನ್ನಲೂ ಆಗದು. ಎಲ್ಲಕ್ಕಿಂತ ದೊಡ್ಡ ಒತ್ತಡ ನೆಲದ್ದು. ನ್ಯಾಲಕಲ್ ಮತ್ತು ಝರಾಸಂಗಂ ಮಂಡಲಗಳಲ್ಲಿ ಸುಮಾರು 12 ಸಾವಿರ ಎಕರೆಯಲ್ಲಿ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯ ಕಟ್ಟುವ ಯೋಜನೆಗೆ ಭೂಸ್ವಾಧೀನ ನಡೆದಿದೆ. ಪರಿಹಾರದ ಲೆಕ್ಕ ಶುರುವಾಗುವುದು ದಾಖಲೆಯಲ್ಲಿ ಯಾರ ಹೆಸರಿದೆ ಎಂಬಲ್ಲಿಂದ. ಗಂಡನ ಹೆಸರಿನ ಹೊಲದಲ್ಲಿ ದುಡಿದವಳಿಗೂ ಬಾಯಿಮಾತಿನ ಗುತ್ತಿಗೆಯಲ್ಲಿ ಉತ್ತ ಗುಂಪಿಗೂ ಅಲ್ಲಿ ತೋರಿಸಲು ಕಾಗದವಿಲ್ಲ.