ಬೆನ್ನಿನ ಬೇನೆಗೆ ಶೇಕಡಾ ಎಷ್ಟು?

ಕೈ ಕಳೆದುಕೊಂಡವನ ನಷ್ಟ ಎಲ್ಲರ ಕಣ್ಣಿಗೂ ಬೀಳುತ್ತದೆ. ಬೆನ್ನು ಬಗ್ಗದವನ ನಷ್ಟ ಹಾಗೆ ಕಾಣುವುದಿಲ್ಲ. ಆದರೂ ಸೈನ್ಯದಿಂದ ಮರಳಿದ ಯೋಧನಿಗೆ ಅಂಗವೈಕಲ್ಯದ ಪಿಂಚಣಿ ದೊರೆಯಬೇಕಾದರೆ, ವೈದ್ಯ ಮಂಡಲಿಯು ಆ ನಷ್ಟವನ್ನು ಶೇಕಡಾ ಲೆಕ್ಕದಲ್ಲಿ ಬರೆಯಬೇಕು. ಅದಕ್ಕೆ ಸೇವೆಯೇ ಕಾರಣವೆ ಎಂಬುದನ್ನೂ ಹೇಳಬೇಕು.

ಬೆನ್ನೆಲುಬು ಒಂದು ಸನ್ನೆಯಿದ್ದಂತೆ. ಬಾಗಿ ಹೊರೆಯೆತ್ತುವವನ ಸೊಂಟದ ಕೀಲಿನಿಂದ ಹೊರೆಯು 40 ಸೆಂಟಿಮೀಟರ್ ಮುಂದೆಯೂ, ಅದನ್ನು ಎಳೆದು ಹಿಡಿಯುವ ಸ್ನಾಯು 5 ಸೆಂಟಿಮೀಟರ್ ಹಿಂದೆಯೂ ಇವೆಯೆಂದುಕೊಳ್ಳೋಣ. ಆಗ 20 ಕಿಲೋಗ್ರಾಂ ಹೊರೆಗೆ ಸ್ನಾಯುವು 160 ಕಿಲೋಗ್ರಾಂ ತೂಕದಷ್ಟು ಬಲ ಹಾಕಬೇಕು! ಈ ಒತ್ತಡವೆಲ್ಲ ಕಶೇರುಗಳ ನಡುವಣ ಮೆತ್ತೆಯ ಮೇಲೆ ಬೀಳುತ್ತದೆ. ಮೆತ್ತೆ ಜಾರಿ ನರದ ಬೇರನ್ನು ಒತ್ತಿದರೆ, ನೋವೂ ಜೋಮೂ ಕಾಲಿನವರೆಗೆ ಹರಿಯುತ್ತವೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಯೋಧನ ವಿಷಯದಲ್ಲಿ ಇನ್ನೊಂದು ತೊಡಕುಂಟು. ಈ ಸೀಮೆಯ ಹಲವೆಡೆ ಕೊಳವೆ ಬಾವಿಯ ನೀರಿನಲ್ಲಿ ಬಂಡೆಗಳಿಂದ ಕರಗಿ ಬಂದ ಫ್ಲೋರೈಡ್ ಮಿತಿ ಮೀರಿದೆ. ಬೇರೆ ನೀರಿಲ್ಲದಲ್ಲಿಯೂ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬುದು ಭಾರತೀಯ ಮಾನಕ. ಅದಕ್ಕಿಂತ ಬಹಳ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ ದಪ್ಪವಾಗಿ, ಅಸ್ಥಿರಜ್ಜುಗಳು ಸುಣ್ಣಗಟ್ಟಿ, ಬೆನ್ನು ಸೆಡೆಯುತ್ತದೆ. ಕೊನೆಗೆ ಬೆನ್ನುಹುರಿಯೇ ಒತ್ತಲ್ಪಡಬಹುದು.

ಹಾಗಾದರೆ ಬೇನೆ ತಂದುದು ಹೊರೆಯೋ, ನೀರೋ? ವಿಜ್ಞಾನವು ಇಲ್ಲಿ ತಕ್ಕಮಟ್ಟಿಗೆ ನೆರವಾಗುತ್ತದೆ. ಮುಂಗೈಯ ಎರಡು ಮೂಳೆಗಳ ನಡುವಣ ಪೊರೆ ಸುಣ್ಣಗಟ್ಟಿರುವುದು ಕ್ಷಕಿರಣ ಚಿತ್ರದಲ್ಲಿ ಕಂಡರೆ, ಅದು ಫ್ಲೋರೈಡಿನ ಗುರುತು. ಜಾರಿದ ಮೆತ್ತೆಯನ್ನು ಎಂ.ಆರ್.ಐ. ಚಿತ್ರ ತೋರಿಸುತ್ತದೆ. ಆದರೆ ಒಬ್ಬನಲ್ಲಿಯೇ ಎರಡೂ ಇರಬಹುದು. ನೋವನ್ನಂತೂ ಯಾವ ಯಂತ್ರವೂ ಅಳೆಯದು.

ಇಂತಹ ಸಂದೇಹದ ಭಾರವನ್ನು ಯಾರು ಹೊರಬೇಕು? 2013ರಲ್ಲಿ ಧರಮ್‌ವೀರ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಯೋಧನ ಪರವಾಗಿ ನಿಂತಿತು: ಸೇರುವಾಗ ದಾಖಲಾಗದಿದ್ದ ರೋಗವು ಸೇವೆಯಿಂದ ಬಂದುದೆಂದೇ ಭಾವಿಸಬೇಕು, ಅಲ್ಲವೆನ್ನುವ ಮಂಡಲಿ ಕಾರಣ ಬರೆಯಬೇಕು. ಸೇನೆಯಲ್ಲಿಲ್ಲದ ರೈತನಿಗೆ ಕಾರಣದ ಪ್ರಶ್ನೆಯಿಲ್ಲ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಮೀಸಲಾತಿಯಂತಹ ಸೌಲಭ್ಯಗಳಿಗೆ ಶೇಕಡಾ 40 ಆಗಲೇಬೇಕು.

ಆದುದರಿಂದ ಈ ಸೀಮೆಯ ಯೋಧರು ಸೇರುವಾಗಿನ ದೇಹಪರೀಕ್ಷೆಯ ಪತ್ರ, ಪೆಟ್ಟು ಬಿದ್ದಾಗಿನ ಆಸ್ಪತ್ರೆಯ ಚೀಟಿ, ಕುಡಿಯುವ ನೀರಿನ ಪರೀಕ್ಷೆಯ ವರದಿ, ಈ ಮೂರನ್ನೂ ಜೋಪಾನವಾಗಿಡುವುದು ಲೇಸು. ಅಂಕಿಯನ್ನು ಬರೆಯುವವರು ವೈದ್ಯರು. ಅದಕ್ಕೆ ಆಧಾರ ಒದಗಿಸುವುದು ಇಂತಹ ಕಾಗದಗಳೇ.